ಹಿತ್ತಲಿನಲ್ಲಿ ಸೌದೆಗೂ ಬೇಸಾಯದ ಮುಟ್ಟುಗಳಿಗೂ ಕೊಟ್ಟಿಗೆಯನ್ನು ಕಟ್ಟುವ ಕ್ರಮ

ಕೋಲಾರದ ಸೀಮೆಯ ರೈತರು ರಾಗಿಯನ್ನು ಕಾಪಾಡುವುದರಲ್ಲಿ ಹಿಂದಿನಿಂದಲೂ ನಿಪುಣರು. ನೆಲದಲ್ಲಿ ಹಗೇವನ್ನು ತೋಡಿ, ಒಳಮೈಗೆ ಹುಲ್ಲನ್ನು ಹೊದಿಸಿ, ಬಾಯನ್ನು ಭದ್ರವಾಗಿ ಮುಚ್ಚಿ, ತೇವವು ತಾಕದಂತೆ ಧಾನ್ಯವನ್ನು ವರ್ಷಗಟ್ಟಲೆ ಇಟ್ಟುಕೊಂಡು ಉಂಡವರು ಅವರ ಹಿರಿಯರು. ಇಷ್ಟು ತಿಳಿವಳಿಕೆಯುಳ್ಳವರ ಹಿತ್ತಲಿನಲ್ಲಿ, ಆ ರಾಗಿಯನ್ನು ಬೇಯಿಸತಕ್ಕ ಸೌದೆಯು ಮಾತ್ರ ಮನೆಯ ಗೋಡೆಗೆ ಒರಗಿಕೊಂಡು ಮಳೆಯಲ್ಲಿ ನೆನೆಯುತ್ತಲೂ ಕೆಳಗಿನಿಂದ ಗೆದ್ದಲು ತಿನ್ನುತ್ತಲೂ ಬಿದ್ದಿರುವುದು ಸಾಮಾನ್ಯವಾದ ನೋಟ. ಪಕ್ಕದಲ್ಲಿಯೇ ನೇಗಿಲೂ ನೊಗವೂ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿರುತ್ತವೆ. ಗುದ್ದಲಿಯು ಎಲ್ಲಿದೆಯೆಂಬುದು ಬೇಕಾದಾಗ ಯಾರಿಗೂ ತಿಳಿಯದು.

ಈ ಲೇಖನದಲ್ಲಿ ಹೇಳತಕ್ಕ ಕೊಟ್ಟಿಗೆಯು ದೊಡ್ಡ ಕಟ್ಟಡವಲ್ಲ. ಹದಿನೆಂಟು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಮಾಡು, ಅಷ್ಟೆ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿಯಂತಹ ಕಡೆ, ಎಂದರೆ ಕಲ್ಲುಗುಡ್ಡಗಳು ಹತ್ತಿರವಿದ್ದು ಕಂಬವೂ ಚಪ್ಪಡಿಯೂ ಸುಲಭವಾಗಿ ದೊರೆಯುವಲ್ಲಿ, ಇದನ್ನು ಕಟ್ಟುವುದು ಸಾಧಾರಣ ಹಿಡುವಳಿದಾರನಿಗೂ ಶಕ್ಯವಾದುದು. ಆ ಹೋಬಳಿಯು ಆಂಧ್ರದ ಮದನಪಲ್ಲಿಯ ಸೀಮೆಗೆ ತಗುಲಿಕೊಂಡಿರುವುದರಿಂದ ಒಂದು ಮನೆಯಲ್ಲಿ ಸೌದೆಯೆನ್ನುವುದನ್ನು ಇನ್ನೊಂದು ಮನೆಯಲ್ಲಿ ಕಟ್ಟೆಲು ಎನ್ನುವರು. ಹೆಸರು ಯಾವುದಾದರೂ ಹಸಿಯಾಗಿ ಒಲೆಗೆ ಹಾಕಿದರೆ ಹೊಗೆ ಒಂದೇ.

ಸೌದೆಯನ್ನು ಒಣಗಿಸುವುದಕ್ಕೂ ಹೊಲದ ಬೆಳೆಗೂ ಇರುವ ಸಂಬಂಧ

ಸೌದೆಯು ಮನೆಯ ಹೆಂಗಸರ ವಿಚಾರ, ಬೇಸಾಯಕ್ಕೂ ಅದಕ್ಕೂ ಏನು ಎಂದು ಕೆಲವರು ಕೇಳಬಹುದು. ಸಂಬಂಧವು ಹತ್ತಿರದ್ದೇ. ಮಳೆಗಾಲದಲ್ಲಿ ಸೌದೆಯು ಹತ್ತದೆ ಹೋದರೆ ಮನೆಯವರು ಬೆರಣಿಯನ್ನು ಸುಡುತ್ತಾರೆ. ಬೆರಣಿಯು ಗೊಬ್ಬರದ ಗುಂಡಿಗೆ ಹೋಗತಕ್ಕ ಸಗಣಿಯೇ ಅಲ್ಲವೆ? ಅದನ್ನು ಸುಟ್ಟರೆ ಅದರಲ್ಲಿದ್ದ ಸಾರಜನಕವು ಹೊಗೆಯೊಡನೆ ಹೊರಟುಹೋಗುತ್ತದೆ. ಮಣ್ಣನ್ನು ಮೃದುವಾಗಿಯೂ ನೀರು ಹಿಡಿಯುವಂತೆಯೂ ಮಾಡತಕ್ಕ ಜೀವಾಂಶವೂ ಹೋಗುತ್ತದೆ. ಹಿಡಿ ಬೂದಿಯು ಮಾತ್ರ ಉಳಿಯುತ್ತದೆ. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನಶಾಸ್ತ್ರಜ್ಞರಾಗಿದ್ದ ಡಾಕ್ಟರ್ ವೋಲ್ಕರ್ ಎಂಬವರು 1889ರಿಂದ 1891ರ ವರೆಗೆ ಹಿಂದೂದೇಶದ ಬೇಸಾಯವನ್ನು ನೋಡಿಕೊಂಡು ಹೋಗಿ, 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಇದೇ ಸಂಗತಿಯನ್ನು ಒತ್ತಿ ಹೇಳಿದರು. ರೈತನು ಸಗಣಿಯನ್ನು ಸುಡುವುದು ಅಜ್ಞಾನದಿಂದಲ್ಲ, ಸೌದೆಯು ಸಿಕ್ಕದೆ ಇರುವುದರಿಂದ ಎಂಬುದೇ ಅವರ ಅಭಿಪ್ರಾಯದ ಸಾರ. ಅದಕ್ಕಾಗಿಯೇ ಊರೂರಿಗೂ ಸೌದೆಯ ತೋಪುಗಳನ್ನು ಬೆಳೆಸಬೇಕೆಂದು ಅವರು ಸಲಹೆ ಮಾಡಿದರು. ತೋಪನ್ನು ಬೆಳೆಸುವುದು ಹತ್ತು ವರ್ಷಗಳ ಕೆಲಸ. ಈಗ ಕೈಯಲ್ಲಿರುವ ಸೌದೆಯನ್ನು ಹಾಳಾಗದಂತೆ ಇಟ್ಟುಕೊಳ್ಳುವುದಕ್ಕೆ ಕೆಲವು ವಾರಗಳು ಸಾಕು.

2016ರಲ್ಲಿ ಉಜ್ವಲಾ ಯೋಜನೆಯು ಆರಂಭವಾದ ಮೇಲೆ ಅಡಿಗೆಯ ಅನಿಲವು ಹಳ್ಳಿಯ ಮನೆಗಳಿಗೂ ಬಂದಿದೆಯೆಂಬುದು ನಿಜ. ಆದರೂ ಹಂಡೆಯ ನೀರನ್ನು ಕಾಯಿಸುವುದಕ್ಕೂ, ಮನೆ ತುಂಬ ಆಳುಕಾಳುಗಳಿರುವಾಗ ಮುದ್ದೆಯನ್ನು ತೊಳಸುವುದಕ್ಕೂ, ದನಗಳಿಗೆ ಹುರುಳಿಯನ್ನು ಬೇಯಿಸುವುದಕ್ಕೂ ಒಲೆಯು ಇನ್ನೂ ಉರಿಯುತ್ತಲೇ ಇದೆ. ಸೌದೆಯ ಖರ್ಚು ಕಡಮೆಯಾಗಿರಬಹುದು. ಮೆಳೆಯ ಹಾಗೆ ಗೋಡೆಗೆ ಸೌದೆಯನ್ನು ಒಡ್ಡುವ ಅಭ್ಯಾಸವು ಕಡಮೆಯಾಗಿಲ್ಲ.

ಹಸಿ ಸೌದೆಯ ತೂಕದಲ್ಲಿ ಮರದ ಜಾತಿಯನ್ನನುಸರಿಸಿ ಮೂರನೆಯ ಒಂದು ಪಾಲಿನಿಂದ ಅರ್ಧದ ವರೆಗೆ ನೀರೇ ಇರುತ್ತದೆ. ತೂಕದ ಮೇಲೆ ಕೊಳ್ಳುವವರು ಅಷ್ಟರಮಟ್ಟಿಗೆ ನೀರಿಗೆ ಹಣವನ್ನು ಕೊಟ್ಟಂತಾಯಿತು. ಅದನ್ನು ಒಲೆಗೆ ಹಾಕಿದಾಗ ಬೆಂಕಿಯ ಕಾವು ಮೊದಲು ಆ ನೀರನ್ನು ಆವಿಮಾಡುವುದಕ್ಕೆ ಹೋಗುತ್ತದೆ. ಒಲೆಯು ತಣ್ಣಗಿರುವುದರಿಂದ ಮರದಿಂದ ಹೊರಡುವ ಅನಿಲಗಳು ಉರಿಯದೆ ಹೊಗೆಯಾಗಿ ಅಡಿಗೆಯ ಮನೆಯನ್ನು ತುಂಬುತ್ತವೆ. ಹೊಗೆಯೆಂದರೆ ಉರಿಯದೆ ಹೋದ ಸೌದೆಯೇ ಎಂದು ತಿಳಿಯಬೇಕು. ಅದನ್ನು ಉಸಿರಾಡುವ ಹೆಂಗಸರಿಗೂ ಮಡಿಲಿನ ಮಕ್ಕಳಿಗೂ ಕಣ್ಣಿನ ಮತ್ತು ಶ್ವಾಸಕೋಶದ ರೋಗಗಳು ಬರುತ್ತವೆ. ಸರಿಯಾಗಿ ಒಣಗಿದ ಸೌದೆಯಲ್ಲಿ ನೂರಕ್ಕೆ ಹದಿನೈದು ಪಾಲಿನಷ್ಟು ಮಾತ್ರ ನೀರು ಉಳಿದಿರುತ್ತದೆ. ಅದು ಬೇಗ ಹತ್ತಿ, ನಿಗಿನಿಗಿ ಕೆಂಡವಾಗುತ್ತದೆ.

ಸ್ಥಳದ ಆಯ್ಕೆ

ಮನೆಯ ಗೋಡೆಗೆ ಸೇರಿಸಿ ಇಳಿಮಾಡು ಹಾಕುವುದೇ ಅಗ್ಗವೆಂದು ತೋರುತ್ತದೆ. ಆದರೆ ಅದನ್ನು ಮಾಡಕೂಡದು. ಗೆದ್ದಲು ಬೆಳಕಿನಲ್ಲಿ ನಡೆಯುವ ಹುಳುವಲ್ಲ. ನೆಲದಿಂದ ಮೇಲಕ್ಕೆ ಬರುವಾಗ ತನ್ನ ಸುತ್ತಲೂ ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡು ಅದರ ಒಳಗೇ ಸಂಚರಿಸುತ್ತದೆ. ಬರಿಯ ಗೋಡೆಯ ಮೇಲೆ ಆ ಕೊಳವೆಯು ಕಣ್ಣಿಗೆ ಬೀಳುತ್ತದೆ, ಮನೆಯವರು ಕೆರೆದುಹಾಕುತ್ತಾರೆ. ಗೋಡೆಗೆ ಸೌದೆಯು ಒರಗಿದ್ದರೆ ಅದರ ಮರೆಯಲ್ಲಿ ಹುಳುವು ಯಾರಿಗೂ ಕಾಣದಂತೆ ಮೇಲೇರಿ ಮನೆಯ ತೊಲೆಯನ್ನು ಸೇರುತ್ತದೆ. ತೊಲೆಯು ಟೊಳ್ಳಾದ ಮೇಲೆ ಮಾತ್ರ ಸಂಗತಿಯು ತಿಳಿಯುತ್ತದೆ. ಬೆಂಕಿಯ ಭಯವು ಬೇರೆ.

ಆದುದರಿಂದ ಅಡಿಗೆಯ ಮನೆಯ ಬಾಗಿಲಿನಿಂದ ಹದಿನೈದು ಇಪ್ಪತ್ತು ಅಡಿಗಳ ದೂರದಲ್ಲಿ ಕೊಟ್ಟಿಗೆಯಿರಬೇಕು. ಇನ್ನೂ ದೂರವಾದರೆ ಮಳೆಯಲ್ಲಿ ಸೌದೆ ತರುವವರಿಗೆ ಕಷ್ಟ. ಅವರು ಕೊಟ್ಟಿಗೆಯನ್ನು ಬಿಟ್ಟು ಮತ್ತೆ ಜಗಲಿಯ ಮೇಲೆಯೇ ಸೌದೆಯನ್ನು ಒಟ್ಟತೊಡಗುವರು. ರಾಗಿಹುಲ್ಲಿನ ಬಣವೆಗೂ ಇದಕ್ಕೂ ಸಾಕಷ್ಟು ಅಂತರವಿರಲಿ. ವಿದ್ಯುತ್ತಿನ ತಂತಿಯ ಕೆಳಗೂ, ದೊಡ್ಡ ಹುಣಸೆಯ ಕೆಳಗೂ ಬೇಡ. ಮರದ ನೆರಳಿನಲ್ಲಿ ಸೌದೆಯು ಒಣಗುವುದಿಲ್ಲ, ಒಣಕೊಂಬೆಯು ಬಿದ್ದರೆ ತಗಡು ಉಳಿಯುವುದಿಲ್ಲ. ಹಿತ್ತಲಿನ ಬಚ್ಚಲು ನೀರು ಹರಿದುಹೋಗುವ ತಗ್ಗನ್ನು ಬಿಟ್ಟು ದಿಬ್ಬವಾದ ಭಾಗವನ್ನು ಆರಿಸಬೇಕೆಂಬುದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ.

ಕೊಟ್ಟಿಗೆಯ ಮುಖವು ಯಾವ ದಿಕ್ಕಿಗಿರಬೇಕೆಂಬುದು ಮುಖ್ಯವಾದ ವಿಷಯ. ಈ ಭಾಗದಲ್ಲಿ ಜೂನಿನಿಂದ ಸೆಪ್ಟೆಂಬರಿನ ವರೆಗೆ ಗಾಳಿಯು ಪಡುವಲಿನಿಂದ ಬೀಸುತ್ತದೆ. ಚಿತ್ತೆ ಸ್ವಾತಿಗಳ ಕಾಲಕ್ಕೆ ಗಾಳಿಯು ತಿರುಗಿ, ಬಂಗಾಳಕೊಲ್ಲಿಯಲ್ಲಿ ಚಂಡಮಾರುತವೆದ್ದಾಗ ಈಶಾನ್ಯದಿಂದ ಎರಡು ಮೂರು ದಿವಸ ಬಿಡದೆ ಜಡಿಮಳೆ ಹಿಡಿಯುತ್ತದೆ. ಕೋಲಾರದ ಸೀಮೆಯಲ್ಲಿ ಸೌದೆಯನ್ನು ಕೆಡಿಸುವುದು ಹೆಚ್ಚಾಗಿ ಈ ಹಿಂಗಾರು ಮಳೆಯೇ. ಪಡುವಲಿಗೂ ಬಡಗಲಿಗೂ ಮರೆಮಾಡಿ ತೆಂಕಲಿಗೆ ಮುಖವನ್ನು ಬಿಟ್ಟರೆ ಎರಡು ಮಳೆಗಳಿಂದಲೂ ರಕ್ಷಣೆಯುಂಟು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಸೂರ್ಯನು ತೆಂಕಲಿಗೆ ವಾಲಿ ನಡೆಯುವುದರಿಂದ ಬಿಸಿಲು ಕೊಟ್ಟಿಗೆಯ ಒಳಗೆ ಬಿದ್ದು ಹಿಂಗಾರಿನ ತೇವವನ್ನು ತೆಗೆಯುತ್ತದೆ. ಬೇಸಗೆಯಲ್ಲಿ ಸೂರ್ಯನು ನೆತ್ತಿಯ ಮೇಲಿರುವನಾದ ಕಾರಣ ಅದೇ ಮುಖದಿಂದ ಬಿಸಿಲು ಒಳಕ್ಕೆ ಬಾರದೆ ಮುಟ್ಟುಗಳ ಕಾವುಗಳು ಬಿರಿಯದೆ ಉಳಿಯುತ್ತವೆ.

ಕಂಬ, ಗೋಡೆ ಮತ್ತು ಮಾಡು

ಉದ್ದವು ಪೂರ್ವ ಪಶ್ಚಿಮವಾಗಿರಲಿ. ಹದಿನೆಂಟು ಅಡಿಗಳನ್ನು ಆರಾರು ಅಡಿಗಳ ಮೂರು ಅಂಕಣಗಳಾಗಿ ಮಾಡಿ, ಪಡುವಣ ಅಂಕಣವನ್ನು ಮುಟ್ಟುಗಳಿಗೂ ಉಳಿದ ಎರಡನ್ನು ಸೌದೆಗೂ ಬಿಡಬೇಕು. ಮುಟ್ಟಿನ ಕೋಣೆಯು ಪಡುವಲಲ್ಲಿದ್ದರೆ ಅದರ ಗೋಡೆಯೇ ಮುಂಗಾರಿನ ಇರಚಲನ್ನು ತಡೆದು ಸೌದೆಗೆ ಮರೆಯಾಗುತ್ತದೆ. ಒಂದೇ ಗೋಡೆಯಿಂದ ಎರಡು ಕೆಲಸ.

ಮೊದಲು ನೆಲವನ್ನು ಮುಕ್ಕಾಲು ಅಡಿ ಎತ್ತರಿಸಬೇಕು. ಗರಸು ಮಣ್ಣನ್ನು ಮೂರು ಪದರಗಳಾಗಿ ಹಾಕಿ, ಪ್ರತಿಯೊಂದು ಪದರವನ್ನೂ ನೀರು ಚಿಮುಕಿಸಿ ದಿಮ್ಮಿಸಬೇಕು. ಸುತ್ತಲೂ ಒಂದು ಸಾಲು ಕಾಡುಕಲ್ಲನ್ನು ಕಟ್ಟಿದರೆ ಅಂಚು ಕುಸಿಯುವುದಿಲ್ಲ.

ಕಂಬಗಳು ಕಲ್ಲಿನವೇ ಆಗಿರಬೇಕು. ಮರದ ಕಂಬವನ್ನು ನೆಲದಲ್ಲಿ ಹೂಳುವುದೆಂದರೆ ಗೆದ್ದಲಿಗೆ ಏಣಿಯನ್ನು ಹಾಕಿಕೊಟ್ಟಂತೆ. ನೀಲಗಿರಿಯ ಗಳುವು ಅಗ್ಗವಾದರೂ ಹೂಳಿದ ಭಾಗವು ಬೇಗ ಹುಳು ಹಿಡಿಯುತ್ತದೆ. ಶ್ರೀನಿವಾಸಪುರದ ಕಡೆ ಹೇರಳವಾಗಿರುವ ಮಾವಿನ ಮರವಂತೂ ಕಂಬಕ್ಕಾಗಲಿ ತೊಲೆಗಾಗಲಿ ಬಾರದು. ಅದರ ಬೆಳ್ಳಗಿನ ಮೆದು ಮರದಲ್ಲಿ ಗಂಜಿಯ ಅಂಶವು ಹೆಚ್ಚಾಗಿರುವುದರಿಂದ ಕೊರೆಯುವ ಸಣ್ಣ ದುಂಬಿಗಳು ಅದನ್ನು ಹಿಟ್ಟುಮಾಡಿಬಿಡುತ್ತವೆ. ಬೇಲಿಗೂ ದ್ರಾಕ್ಷಿಯ ಚಪ್ಪರಕ್ಕೂ ನೆಡುವಂತಹ ಕಲ್ಲುಕಂಬಗಳಲ್ಲಿಯೇ ಸ್ವಲ್ಪ ದಪ್ಪವಾದುವನ್ನು ಆರಿಸಿ, ಮುಂದಿನ ಸಾಲಿಗೆ ಹತ್ತು ಅಡಿಯವು ನಾಲ್ಕು, ಹಿಂದಿನ ಸಾಲಿಗೆ ಎಂಟೂವರೆ ಅಡಿಯವು ನಾಲ್ಕು ತರಿಸಬೇಕು. ಎತ್ತರಿಸಿದ ಮಣ್ಣೂ ಸೇರಿ ಎರಡೂವರೆ ಅಡಿ ಒಳಕ್ಕೆ ಹೋಗುವಂತೆ ನಿಲ್ಲಿಸಿ, ಗುಂಡಿಗೆ ಜಲ್ಲಿ ಗಾರೆಗಳನ್ನು ತುಂಬಿ ಬಿಗಿಮಾಡಿದರೆ, ಮೇಲೆ ಮುಂಭಾಗದಲ್ಲಿ ಏಳೂವರೆ ಅಡಿಯೂ ಹಿಂಭಾಗದಲ್ಲಿ ಆರು ಅಡಿಯೂ ಉಳಿಯುತ್ತದೆ. ಇಳಿಜಾರು ಬಡಗಲಿಗೆ ಬೀಳುವುದರಿಂದ ಮಳೆಯ ನೀರು ಹಿಂದಕ್ಕೆ ಹೋಗಿ, ಮುಂದಿನ ಅಂಗಳವು ಕೆಸರಾಗದು. ಹಿಂದೆ ಒಂದು ಕಾಲುವೆಯನ್ನು ತೆಗೆದು ನೀರನ್ನು ತೆಂಗಿನ ಅಥವಾ ನಿಂಬೆಯ ಗಿಡದ ಪಾತಿಗೆ ತಿರುಗಿಸಬಹುದು.

ಮುಟ್ಟಿನ ಕೋಣೆಗೆ ಕಲ್ಲುಚಪ್ಪಡಿಯ ಗೋಡೆಗಿಂತ ಉತ್ತಮವಾದುದು ಈ ಸೀಮೆಯಲ್ಲಿ ಬೇರೊಂದಿಲ್ಲ. ಏಳೂವರೆ ಅಡಿ ಉದ್ದದ ಚಪ್ಪಡಿಗಳನ್ನು ಒಂದೂವರೆ ಅಡಿ ಹೂಳಿ ನೆಟ್ಟಗೆ ಒಂದರ ಪಕ್ಕದಲ್ಲಿ ಒಂದನ್ನು ನಿಲ್ಲಿಸಿ, ಸಂದುಗಳಿಗೆ ಗಾರೆಯನ್ನು ಬಡಿದರೆ ಮುಗಿಯಿತು. ಪಡುವಲಲ್ಲಿ ಎಂಟು ಅಡಿ, ಬಡಗಲಲ್ಲಿ ಆರು ಅಡಿ, ಸೌದೆಯ ಕಡೆಗೆ ಎಂಟು ಅಡಿ, ಒಟ್ಟು ಇಪ್ಪತ್ತೆರಡು ಅಡಿಗಳ ಗೋಡೆಗೆ ಎರಡಡಿ ಅಗಲದ ಚಪ್ಪಡಿಗಳು ಹನ್ನೊಂದು ಸಾಕು. ಇಲಿಯು ಇದನ್ನು ಕೊರೆಯಲಾರದು, ಮಳೆಯು ಕರಗಿಸಲಾರದು, ಸುಣ್ಣ ಬಳಿಯುವ ಖರ್ಚೂ ಇಲ್ಲ. ಚಪ್ಪಡಿಯ ತಲೆಗೂ ಮಾಡಿಗೂ ನಡುವೆ ಉಳಿಯುವ ಸಂದಿಗೆ ಕಬ್ಬಿಣದ ಬಲೆಯನ್ನು ಹೊಡೆದರೆ ಗಾಳಿಯಾಡುತ್ತದೆ. ತೆಂಕಲಿಗೆ ಬಾಗಿಲು ಮತ್ತು ಬೀಗ.

ಸೌದೆಯ ಎರಡು ಅಂಕಣಗಳಿಗೆ ಇಂತಹ ಗಟ್ಟಿಗೋಡೆಯು ಬೇಡವೇ ಬೇಡ. ಇಲ್ಲಿಯೇ ಹಲವರು ತಪ್ಪುವರು. ಮಾಡಿನ ಮೇಲೆ ಖರ್ಚುಮಾಡಿ, ನಾಲ್ಕು ಕಡೆಯೂ ಮುಚ್ಚಿ, ಒಳಗೆ ಹಸಿ ಸೌದೆಯನ್ನು ತುಂಬಿದರೆ ಅದು ಒಣಗದೆ ಬೂಷ್ಟು ಹಿಡಿಯುತ್ತದೆ. ಸೌದೆಯನ್ನು ಒಣಗಿಸುವುದು ಬಿಸಿಲಿಗಿಂತ ಹೆಚ್ಚಾಗಿ ಗಾಳಿ. ಮಾಡು ಇರುವುದು ಮಳೆಯನ್ನು ತಡೆಯುವುದಕ್ಕೆ ಮಾತ್ರ. ಬಡಗಲಲ್ಲಿಯೂ ಮೂಡಲಲ್ಲಿಯೂ ಎರಡು ಬೆರಳು ಸಂದುಬಿಟ್ಟು ಬಿದಿರಿನ ದಬ್ಬೆಗಳನ್ನೋ ಸರ್ವೆಯ ಸಣ್ಣ ಗಳುಗಳನ್ನೋ ಅಡ್ಡಲಾಗಿ ಕಟ್ಟಿದರೆ ಇರಚಲು ಮುರಿಯುತ್ತದೆ, ಗಾಳಿಯು ನುಗ್ಗುತ್ತದೆ. ಈ ದಬ್ಬೆಗಳು ನೆಲವನ್ನು ಮುಟ್ಟದೆ ಒಂದಡಿ ಮೇಲೆಯೇ ನಿಲ್ಲಬೇಕು.

ಮಾಡಿಗೆ ಸತುವು ಲೇಪಿಸಿದ ಸುಕ್ಕುತಗಡು ಅನುಕೂಲವಾದುದು. ಮುಂದೆ ಎರಡಡಿ, ಹಿಂದೆ ಒಂದೂವರೆ ಅಡಿ, ಎರಡು ಪಕ್ಕಗಳಲ್ಲಿಯೂ ಒಂದೊಂದಡಿ ಚಾಚಬೇಕಾದುದರಿಂದ ಹನ್ನೆರಡು ಅಡಿಯ ತಗಡುಗಳನ್ನು ತೆಗೆದುಕೊಂಡರೆ ನಡುವೆ ಜೋಡಣೆಯಿಲ್ಲದೆ ಹೋಗುತ್ತದೆ. ಹೊದಿಸಿದ ಮೇಲೆ ಎರಡೂವರೆ ಅಡಿ ಮುಚ್ಚುವ ಅಗಲದ್ದಾದರೆ ಎಂಟು ತಗಡುಗಳು ಬೇಕು. ಕಂಬದಿಂದ ಕಂಬಕ್ಕೆ ನಾಲ್ಕು ಅಡ್ಡತೊಲೆಗಳು, ಅವುಗಳ ಮೇಲೆ ಉದ್ದಕ್ಕೆ ನಾಲ್ಕು ಗಳುಗಳು; ಸರ್ವೆಯದಾಗಲಿ ಕಬ್ಬಿಣದ ಕೊಳವೆಯದಾಗಲಿ ಆಗಬಹುದು. ತೊಲೆಯು ಕಲ್ಲಿನ ತಲೆಯಲ್ಲಿ ಕೂರುವಂತೆ ಕಚ್ಚು ತೆಗೆಸಿ, ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು. ಭರಣಿ ಕೃತ್ತಿಕೆಗಳ ಕಾಲದ ಗುಡುಗುಗಾಳಿಯು ಒಂದು ಬದಿಯು ತೆರೆದಿರುವ ಮಾಡಿನ ಒಳಹೊಕ್ಕು ಕೆಳಗಿನಿಂದ ಎತ್ತುತ್ತದೆ. ತಗಡಿನ ಮೇಲೆ ಕಲ್ಲು ಹೇರಿದರೆ ಸಾಕೆಂಬ ನಂಬಿಕೆಯು ಅಪಾಯಕರ. ತಗಡು ಹಾರಿದಾಗ ಕಲ್ಲೂ ಹಾರುತ್ತದೆ. ಕೊಕ್ಕೆಯ ಬೋಲ್ಟುಗಳಿಂದ ಗಳುವಿಗೆ ಹಿಡಿಸಬೇಕು, ಅದೂ ತಗಡಿನ ಏಣಿನಲ್ಲಿಯೇ ಹೊರತು ತಗ್ಗಿನಲ್ಲಿ ತೂತುಮಾಡಕೂಡದು.

ಹೆಂಚನ್ನು ಇಷ್ಟಪಡುವವರು ಇದೇ ಕಂಬಗಳ ಮೇಲೆ ಹೊದಿಸಲಾಗದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮಾಡಲಾರಂಭಿಸಿದ ಹೆಂಚು ಒಳ್ಳೆಯದೇ, ಆದರೆ ಅದಕ್ಕೆ ಇಳಿಜಾರು ಹೆಚ್ಚಾಗಿ ಬೇಕು. ನಡುವೆ ಏಣಿಟ್ಟು ಎರಡು ಇಳಿಜಾರುಗಳ ಮಾಡನ್ನು ಮಾಡಬೇಕಾಗುತ್ತದೆ, ಮರವೂ ಹೆಚ್ಚು ಹಿಡಿಯುತ್ತದೆ. ಕಲ್ನಾರಿನ ಹಾಳೆಗಳನ್ನು ಬಳಸದಿರುವುದೇ ಮೇಲು. ಅವುಗಳನ್ನು ಕೊಯ್ಯುವಾಗಲೂ ಕೊರೆಯುವಾಗಲೂ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಸಿದ್ಧವಾಗಿದೆ. ಹುಲ್ಲಿನ ಮಾಡು ಬೆಂಕಿಗೆ ಹತ್ತಿರದ ನೆಂಟ.

ಸೌದೆಯನ್ನು ಒಟ್ಟುವ ಬಗೆ

ನೆಲದ ಮೇಲೆಯೇ ಸೌದೆಯನ್ನು ಒಟ್ಟಕೂಡದೆಂಬುದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಎತ್ತರಿಸಬೇಕೆಂಬ ವಿಷಯದಲ್ಲಿ ಎಚ್ಚರ ಸಾಲದು. ಕೆಳಗೆ ನಾಲ್ಕು ಕಲ್ಲುಗಳನ್ನಿಟ್ಟು ಒಂದು ಗೇಣು ಎತ್ತರಿಸಿದರೆ, ಗೆದ್ದಲಿಗೆ ಸ್ವಲ್ಪ ತಡೆಯಾದರೂ, ಇಲಿಗೂ ಅದನ್ನು ಹುಡುಕಿಕೊಂಡು ಬರುವ ಹಾವಿಗೂ ಸೊಗಸಾದ ಮನೆಯನ್ನು ಕಟ್ಟಿಕೊಟ್ಟಂತಾಗುತ್ತದೆ. ಆ ಸಂದಿಯಲ್ಲಿ ಪೊರಕೆಯಾಡದು, ಬೆಳಕು ಬೀಳದು. ಪೂರ್ತಿ ಒಂದಡಿ ಎತ್ತರವಿದ್ದರೆ ಬಗ್ಗಿ ನೋಡಿದಾಗ ಆಚೆಯ ಬೆಳಕು ಕಾಣಬೇಕು, ಪೊರಕೆಯು ಒಳಕ್ಕೆ ಹೋಗಬೇಕು. ಬಯಲಾಗಿ ಬೆಳಕಿರುವ ಕಡೆ ಹಾವು ನೆಲಸುವುದಿಲ್ಲ.

ಇದಕ್ಕಾಗಿ ಒಂದಡಿ ಎತ್ತರದ ಗಟ್ಟಿಕಲ್ಲುಗಳನ್ನು ನಾಲ್ಕು ನಾಲ್ಕು ಅಡಿಗಳ ದೂರದಲ್ಲಿ ಇಟ್ಟು, ಅವುಗಳ ಮೇಲೆ ಕಲ್ಲುಕಂಬಗಳನ್ನೇ ಉದ್ದುದ್ದವಾಗಿ ಮಲಗಿಸಬೇಕು. ಮುರಿದ ಬೇಲಿಕಂಬಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಮರವು ಎಲ್ಲಿಯೂ ಮಣ್ಣನ್ನು ಮುಟ್ಟದೆ ಇರುವುದರಿಂದ ಗೆದ್ದಲು ಬರಬೇಕಾದರೆ ಬರಿಗಲ್ಲಿನ ಮೇಲೆ ಕೊಳವೆಯನ್ನು ಕಟ್ಟಿಕೊಂಡೇ ಬರಬೇಕು. ವಾರಕ್ಕೊಮ್ಮೆ ಆ ಕಲ್ಲಿನ ಕಾಲುಗಳನ್ನು ನೋಡಿ, ಮಣ್ಣಿನ ಗೆರೆಯು ಕಂಡರೆ ಒರಸಿಬಿಟ್ಟರಾಯಿತು. ಇದಕ್ಕೆ ಔಷಧಿಯು ಬೇಡ. ಹಿಂದೆ ಗೆದ್ದಲಿಗೆಂದು ಸುರಿಯುತ್ತಿದ್ದ ಆಲ್ಡ್ರಿನ್ ಮತ್ತು ಬಿ.ಎಚ್.ಸಿ. ಪುಡಿಗಳು ಈ ದೇಶದಲ್ಲಿ ಈಗ ನಿಷಿದ್ಧವಾಗಿವೆ. ಹಳೆಯ ಡಬ್ಬಿಯು ಯಾರ ಮನೆಯಲ್ಲಾದರೂ ಉಳಿದಿದ್ದರೆ ಸೌದೆಯ ಹತ್ತಿರಕ್ಕೆ ತರಲೇಬಾರದು, ಆ ವಿಷವು ಒಲೆಯ ಹೊಗೆಯಲ್ಲಿ ಬರುತ್ತದೆ.

ಹಿಂದಿನ ಗೋಡೆಗೆ ಅರ್ಧ ಅಡಿ ಬಿಟ್ಟು ಎರಡಡಿ ದಪ್ಪದ ಒಂದು ಒಟ್ಟಿಲು, ಒಂದೂವರೆ ಅಡಿ ಓಣಿ, ಮತ್ತೆ ಎರಡಡಿ ದಪ್ಪದ ಒಂದು ಒಟ್ಟಿಲು. ಮುಂದೆ ನಿಲ್ಲುವುದಕ್ಕೆ ಎರಡಡಿ ಸ್ಥಳ. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಎತ್ತರವಾದರೆ ಒಂದೊಂದು ಒಟ್ಟಿಲೂ 96 ಘನ ಅಡಿಗಳಾಗುತ್ತದೆ. ಒಣಗಿದ ಸಾಧಾರಣ ಸೌದೆಯು ಒಟ್ಟಿದಾಗ ಘನ ಅಡಿಗೆ ಸುಮಾರು 11 ಕಿಲೋಗ್ರಾಂ ತೂಗುವುದೆಂದು ಹಿಡಿದರೆ ಒಂದು ಒಟ್ಟಿಲಿನಲ್ಲಿ ಸಾವಿರ ಕಿಲೋಗ್ರಾಮಿಗೆ ಮೇಲೆಯೇ ಆಯಿತು. ದಿನವೊಂದಕ್ಕೆ ಆರು ಕಿಲೋಗ್ರಾಂ ಸುಡುವ ಮನೆಗೆ ಇದು ಸುಮಾರು ಆರು ತಿಂಗಳಿಗೆ ಸಾಕು. ಹೀಗೆ ಒಂದು ಒಟ್ಟಿಲು ಒಲೆಗೆ ಹೋಗುತ್ತಿರುವಾಗ ಇನ್ನೊಂದು ಒಣಗುತ್ತಿರುತ್ತದೆ. ಒಂದು ಒಟ್ಟಿಲು ಪೂರ್ತಿಯಾಗಿ ತೀರುವ ವರೆಗೆ ಎರಡನೆಯದಕ್ಕೆ ಕೈ ಹಾಕಕೂಡದು. ಹೊಸ ಸೌದೆಯನ್ನು ಹಳೆಯದರ ಮೇಲೆ ಹೇರುತ್ತಾ ಹೋದರೆ ತಳದ ಸೌದೆಯು ಹತ್ತು ವರ್ಷಗಳಾದರೂ ಹೊರಕ್ಕೆ ಬರುವುದಿಲ್ಲ, ಹುಳುವಿನ ಪಾಲಾಗುತ್ತದೆ.

ಸೌದೆಯನ್ನು ಹಸಿಯಾಗಿದ್ದಾಗಲೇ ಸೀಳಬೇಕು. ನೀರು ತೊಗಟೆಯ ಮೂಲಕ ಹೋಗುವುದು ಬಹಳ ಕಡಮೆ. ಕಡಿದ ತುದಿಗಳಿಂದಲೂ ಸೀಳಿದ ಮೈಯಿಂದಲೂ ಹೋಗುತ್ತದೆ. ಮೇಲಾಗಿ ನೀಲಗಿರಿಯಂತಹ ಮರವು ಒಣಗಿದ ಮೇಲೆ ಕೊಡಲಿಗೆ ಜಗ್ಗುವುದಿಲ್ಲ. ಮುಂಗೈ ಗಾತ್ರಕ್ಕೆ ಸೀಳಿ, ಮಾಘ ಫಾಲ್ಗುಣಗಳಲ್ಲಿ ಬಯಲಿನಲ್ಲಿಯೇ ಒಟ್ಟಿ, ಭರಣಿಯ ಮಳೆಗೆ ಮುಂಚೆ ಕೊಟ್ಟಿಗೆಗೆ ಸೇರಿಸುವುದು ಉತ್ತಮ. ಒಣಗಿದೆಯೋ ಇಲ್ಲವೋ ಎಂಬುದಕ್ಕೆ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ನೋಡಬಹುದು. ತೂಕವು ಇಳಿಯುವುದು ನಿಂತಿತೆಂದರೆ ಒಣಗಿತು. ತಕ್ಕಡಿಯಿಲ್ಲದವರು ಎರಡು ತುಂಡುಗಳನ್ನು ಒಂದಕ್ಕೊಂದು ತಾಕಿಸಲಿ. ಒಣಗಿದುದು ಟಣ್ಣೆನ್ನುತ್ತದೆ, ಹಸಿಯದು ಥಪ್ಪೆನ್ನುತ್ತದೆ.

ಜಾಲಿ, ಹುಣಸೆ, ಸರ್ವೆಗಳು ಕೆಂಡ ನಿಲ್ಲುವ ಸೌದೆಗಳು. ಮಾವಿನ ತೋಟಗಳಲ್ಲಿ ಸವರಿದ ಕೊಂಬೆಗಳೂ, ರೇಷ್ಮೆ ಸಾಕುವವರ ಮನೆಯ ಹಿಪ್ಪುನೇರಳೆಯ ಕಡ್ಡಿಗಳೂ, ತೊಗರಿಯ ಕಡ್ಡಿಗಳೂ ಬೇಗ ಹತ್ತಿ ಬೇಗ ಆರುತ್ತವೆ. ಇವುಗಳನ್ನು ಕಟ್ಟುಕಟ್ಟಿ ಬೇರೆಯಾಗಿ ಇಡಬೇಕು. ಒಂದಾನೊಂದು ಕಾಲದಲ್ಲಿ ಕೋಲಾರದ ಚಿನ್ನದ ಗಣಿಗಳ ಉಗಿಯಂತ್ರಗಳೂ ಸೌದೆಯನ್ನು ಬೇಡುತ್ತಿದ್ದುವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದ ಮೇಲೆ ಆ ಬೇಡಿಕೆಯು ಇಳಿಯಿತು. ಸುತ್ತಲಿನ ಕುರುಚಲು ಕಾಡು ಮಾತ್ರ ಮೊದಲಿನಂತಾಗಲಿಲ್ಲ. ಮರಗಳನ್ನು ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣೆಯ ಕಾನೂನಿನ ಪ್ರಕಾರ ಯಾವುದಕ್ಕೆ ಅನುಮತಿಯು ಬೇಕೆಂಬುದನ್ನು ಅರಣ್ಯದ ಕಛೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ವಿಷಜಂತುಗಳ ವಿಷಯ

ಹಳ್ಳಿಯ ಮನೆಗಳಲ್ಲಿ ಹಾವು ಚೇಳುಗಳ ಕಡಿತವಾಗುವ ಸ್ಥಳಗಳಲ್ಲಿ ಸೌದೆಯ ರಾಶಿಯೂ ಒಂದು. ಸಂಜೆಗತ್ತಲಲ್ಲಿ ಒಲೆಯು ಆರುತ್ತಿದೆಯೆಂದು ಹೆಂಗಸೋ ಮಗುವೋ ಓಡಿಬಂದು ರಾಶಿಯೊಳಕ್ಕೆ ಬರಿಗೈಯನ್ನು ತೂರಿಸುವುದೇ ಇದಕ್ಕೆ ಕಾರಣ. ನಾಗರ, ಕೊಳಕುಮಂಡಲ, ಕಟ್ಟುಹಾವುಗಳು ಇಂತಹ ಸಂದುಗಳಲ್ಲಿ ಇಲಿಗಾಗಿ ಸೇರಿಕೊಂಡಿರುತ್ತವೆ. ಕೆಂಪು ಚೇಳು ಚಿಕ್ಕದಾದರೂ ಮಕ್ಕಳಿಗೆ ಪ್ರಾಣಾಪಾಯವನ್ನು ತರುವಂತಹುದು.

ಒಟ್ಟಿಲನ್ನು ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಂಡು ಬರಬೇಕು, ನಡುವಿನಿಂದ ಎಳೆಯಕೂಡದು. ಒಂದು ಕೋಲನ್ನು ಅಲ್ಲಿಯೇ ತೂಗುಹಾಕಿ, ಮೊದಲು ಅದರಿಂದ ತಟ್ಟಿ ಅನಂತರ ಕೈಯಿಡುವ ರೂಢಿಯನ್ನು ಮಕ್ಕಳಿಗೆ ಕಲಿಸಬೇಕು. ಮರುದಿವಸದ ಸೌದೆಯನ್ನು ಹಗಲು ಹೊತ್ತಿನಲ್ಲಿಯೇ ತಂದು ಒಲೆಯ ಬಳಿ ಇಟ್ಟುಕೊಂಡರೆ ಕತ್ತಲಲ್ಲಿ ಹೋಗುವ ಕೆಲಸವೇ ಇರುವುದಿಲ್ಲ. ಕಾಳು ಚೆಲ್ಲುವ ವಸ್ತುಗಳನ್ನು ಈ ಕೊಟ್ಟಿಗೆಯಲ್ಲಿ ಇಡಕೂಡದು. ಕಾಳಿದ್ದರೆ ಇಲಿ, ಇಲಿಯಿದ್ದರೆ ಹಾವು.

ಇಷ್ಟಾಗಿಯೂ ಹಾವು ಕಚ್ಚಿದರೆ, ಗಾಯವನ್ನು ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಇವೆಲ್ಲ ಕೇಡನ್ನೇ ಹೆಚ್ಚಿಸುತ್ತವೆ. ಕಚ್ಚಿಸಿಕೊಂಡವರನ್ನು ನಡೆಯಗೊಡದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಪ್ರತಿವಿಷದ ಔಷಧಿಯಿರುವ ಸರ್ಕಾರೀ ಆಸ್ಪತ್ರೆಗೆ ಒಡನೆಯೇ ಸಾಗಿಸಬೇಕು. ಮಂತ್ರವಾದಿಯ ಮನೆಯಲ್ಲಿ ಕಳೆದ ಒಂದು ಗಂಟೆಯು ಪ್ರಾಣದ ಬೆಲೆಯುಳ್ಳದ್ದು. ಚೇಳು ಕುಟುಕಿದ ಮಗುವಿಗೆ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಅದನ್ನೂ ಹೀಗೆಯೇ ಕರೆದೊಯ್ಯಬೇಕು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕಾದ ಸಂಗತಿಯನ್ನಾಗಿ ಮಾಡಿತು. ಗ್ರಾಮದ ಮುಖ್ಯಸ್ಥರು ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಔಷಧಿಯು ದೊರೆಯುವುದೆಂಬುದನ್ನು ಮುಂಚಿತವಾಗಿಯೇ ತಿಳಿದಿರುವುದು ಅವಶ್ಯ.

ಮುಟ್ಟುಗಳ ಕೋಣೆ

ಹಿಂದೆ ಮರದ ನೇಗಿಲೇ ಇದ್ದಾಗ ಶತ್ರುವು ಗೆದ್ದಲೊಂದೇ. ಇಪ್ಪತ್ತನೆಯ ಶತಮಾನದಲ್ಲಿ ಕಬ್ಬಿಣದ ನೇಗಿಲುಗಳು ಬಳಕೆಗೆ ಬಂದ ಮೇಲೆ ತುಕ್ಕೂ ಸೇರಿತು. ಎರಡಕ್ಕೂ ಮೂಲವು ತೇವವೇ. ಗುದ್ದಲಿ ಸಲಿಕೆಗಳನ್ನು ಮಣ್ಣಿನ ಸಹಿತವಾಗಿ ಮೂಲೆಗೆ ಎಸೆದರೆ ಅಂಟಿದ ಮಣ್ಣು ತೇವವನ್ನು ಹಿಡಿದಿಟ್ಟುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಸಂಜೆ ತೊಳೆದು ಒರಸಿ, ಸುಗ್ಗಿಯು ಮುಗಿದ ಮೇಲೆ ಹೊಂಗೆಯ ಎಣ್ಣೆಯನ್ನೋ ಯಂತ್ರಗಳಿಂದ ತೆಗೆದ ಹಳೆಯ ಎಣ್ಣೆಯನ್ನೋ ಸವರಿ ಇಟ್ಟರೆ ಮುಂದಿನ ಹದಕ್ಕೆ ಕುಲುಮೆಯವರ ಮುಖವನ್ನು ನೋಡಬೇಕಾಗಿಲ್ಲ.

ಕೋಣೆಯ ಗೋಡೆಗಳಿಗೆ ಮರದ ಪಟ್ಟಿಗಳನ್ನು ಹಿಡಿಸಿ ಗೂಟಗಳನ್ನು ಹೊಡೆದು ಮುಟ್ಟುಗಳನ್ನು ತೂಗುಹಾಕಬೇಕು. ನೆಲಕ್ಕೆ ಬೀಳುವಂತಹುದು ನೇಗಿಲು, ಕುಂಟೆ, ಹಲುಬೆಗಳು ಮಾತ್ರ. ಅವೂ ಕಲ್ಲಿನ ಮೇಲೆ ನಿಲ್ಲಲಿ. ನೊಗವನ್ನೂ ಕೂರಿಗೆಯನ್ನೂ ತೊಲೆಗೆ ನೇತುಹಾಕುವುದೇ ಸರಿ. ಕುಡುಗೋಲು, ಮಚ್ಚುಗಳನ್ನು ಬಾಯಿ ಗೋಡೆಯ ಕಡೆಗಿರುವಂತೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಸಿಕ್ಕಿಸಬೇಕು. ಪ್ರತಿಯೊಂದು ಗೂಟದ ಹಿಂದೆ ಆ ಮುಟ್ಟಿನ ಆಕಾರವನ್ನು ಸುಣ್ಣದಿಂದ ಬರೆದಿಟ್ಟರೆ ಯಾವುದು ಬಂದಿಲ್ಲವೆಂಬುದು ಬಾಗಿಲನ್ನು ಮುಚ್ಚುವಾಗಲೇ ಕಾಣುತ್ತದೆ. ಎರವಲು ಕೊಟ್ಟ ಹಾರೆಯು ಹಿಂದಿರುಗದೆ ಹೋಗುವುದು ಬಹುಮಟ್ಟಿಗೆ ಕೇಳುವುದನ್ನು ಮರೆಯುವುದರಿಂದಲೇ.

ಕೊಡಲಿ ಗುದ್ದಲಿಗಳ ಕಾವು ಸಡಿಲವಾದಾಗ ನೀರಿನಲ್ಲಿ ನೆನೆಹಾಕುವ ವಾಡಿಕೆಯಿದೆ. ಆಗ ಬಿಗಿಯಾದಂತೆ ತೋರುತ್ತದೆ. ನೆನೆದು ಉಬ್ಬಿದ ಮರವು ಕಬ್ಬಿಣದ ಕಣ್ಣಿನೊಳಗೆ ಜಜ್ಜಿಹೋಗಿ, ಒಣಗಿದ ಮೇಲೆ ಮೊದಲಿಗಿಂತಲೂ ಸಡಿಲವಾಗುತ್ತದೆ. ಕೊಡಲಿಯ ತಲೆಯು ಹಾರಿ ಎದುರಿನಲ್ಲಿದ್ದವರಿಗೆ ತಗಲುವುದು ಇಂತಹ ಸಂದರ್ಭದಲ್ಲಿಯೇ. ಚೆನ್ನಾಗಿ ಒಣಗಿದ ದಿಂಡಿಗದ ಅಥವಾ ಜಾಲಿಯ ಕಾವನ್ನು ಹಾಕಿಸಿ, ಬೆಣೆಯನ್ನು ಬಡಿದು, ನೆರಳಿನಲ್ಲಿಟ್ಟರೆ ಈ ತೊಂದರೆಯಿಲ್ಲ.

ರಾಸಾಯನಿಕ ಗೊಬ್ಬರದ ಚೀಲಗಳನ್ನು ಈ ಕೋಣೆಯಲ್ಲಿ ಇಡಕೂಡದು. ಆ ಉಪ್ಪುಗಳು ಗಾಳಿಯ ತೇವವನ್ನು ಹೀರಿಕೊಂಡು ಒಸರಿ, ಹತ್ತಿರದ ಕಬ್ಬಿಣವನ್ನೆಲ್ಲ ತುಕ್ಕುಹಿಡಿಸುತ್ತವೆ. ಕೀಟನಾಶಕ ಔಷಧಿಗಳಿಗೆ ಬೀಗವುಳ್ಳ ಬೇರೊಂದು ಪೆಟ್ಟಿಗೆಯು ಬೇಕು. ಸೀಮೆಎಣ್ಣೆ, ಪೆಟ್ರೋಲುಗಳ ಡಬ್ಬಿಗಳು ಸೌದೆಯಿರುವ ಮಾಡಿನ ಕೆಳಗೆ ಯಾವ ಕಾರಣಕ್ಕೂ ಬರಬಾರದು. ಒಲೆಯಿಂದ ತೆಗೆದ ಬೂದಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಸುರಿಯುವ ಅಭ್ಯಾಸವೂ ಕೆಲವು ಮನೆಗಳಲ್ಲಿದೆ. ಮೇಲೆ ತಣ್ಣಗಿರುವ ಬೂದಿಯೊಳಗೆ ಕೆಂಡವು ಮರುದಿವಸದ ವರೆಗೂ ಜೀವ ಹಿಡಿದಿರುತ್ತದೆ. ಬೂದಿಯು ಆರಿದ ಮೇಲೆ ಗೊಬ್ಬರದ ಗುಂಡಿಗೆ ಹೋಗಲಿ. ಅದರಲ್ಲಿ ಬೆಳೆಗೆ ಬೇಕಾದ ಪೊಟ್ಯಾಷ್ ಇದೆ.

ಕಂಬಗಳನ್ನು ನಿಲ್ಲಿಸುವ ಕೆಲಸವನ್ನು ಸಂಕ್ರಾಂತಿಯಾದ ಮೇಲೆ, ಕಣದ ಕೆಲಸವು ಮುಗಿದು ಆಳುಗಳು ಸಿಕ್ಕುವಾಗ ಇಟ್ಟುಕೊಳ್ಳುವುದು ಅನುಕೂಲ. ಕಂಬದ ಬುಡದ ಗಾರೆಗೆ ಎರಡು ವಾರ ನೀರುಣಿಸಿದ ಬಳಿಕವೇ ಮಾಡನ್ನು ಏರಿಸಬೇಕು. ಒಬ್ಬರಿಗಾಗಿ ಗಾಡಿಯಲ್ಲಿ ಕಲ್ಲನ್ನು ತರಿಸುವುದಕ್ಕಿಂತ ನಾಲ್ಕು ಮನೆಗಳವರು ಸೇರಿ ಒಂದು ಲಾರಿಯ ಕಲ್ಲನ್ನು ತರಿಸಿದರೆ ಸಾಗಣೆಯ ಖರ್ಚು ಹಂಚಿಹೋಗುತ್ತದೆ. ಇಳಿಸುವಾಗಲೇ ಪ್ರತಿಯೊಂದು ಕಂಬವನ್ನೂ ಸುತ್ತಿಗೆಯಿಂದ ತಟ್ಟಿ ನೋಡಿ, ಒಡಕು ದನಿಯುಳ್ಳುದನ್ನು ಹಿಂದಕ್ಕೆ ಕಳುಹಿಸಬೇಕು.